ಬೆಟ್ಟ ಕಾಣುತ್ತೆ, ಸೂಜಿ ಕಣ್ಣು ಕಾಣಲ್ಲ

ಸಂಪಾದಕರಿಗೆ ನಮಸ್ಕಾರ,

ನಮ್ಮಮ್ಮಂಗೆ 72 ವರ್ಷ, ಹೋದ ತಿಂಗಳು ಎಡಗಣ್ಣಿಗೆ ಪೊರೆ ಆಪರೇಷನ್ ಆಯ್ತು. ಮಾರನೇ ದಿನ ಪಟ್ಟಿ ಬಿಚ್ಚಿಸ್ಕೊಂಡು ಬಂದು ಟೆರೇಸ್ ಹತ್ತಿ ಮುಳ್ಳಯ್ಯನಗಿರಿ ಕಡೆ ನೋಡಿ "ಅಯ್ಯೋ ಇದು ಇಷ್ಟು ನೀಲಿ ಇತ್ತೇನೋ" ಅಂದ್ರು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಅವ್ರಿಗೆ ಒಂದೊಂದು ಮಡಿಕೆನೂ ಕಾಣ್ತಿತ್ತು. ನಾಲ್ಕು ದಿನ ಬಿಟ್ಟು ನನ್ನ ಶರ್ಟ್ ಗುಂಡಿ ಹಾಕೋಕೆ ಕೂತ್ರೆ ದಾರದ ತುದಿ ನೆಕ್ಕಿ ನೆಕ್ಕಿ ಸೂಜಿ ಪಕ್ಕಕ್ಕೇ ಚುಚ್ತಾರೆ, ಒಳಗೆ ಹೋಗ್ತಾನೇ ಇಲ್ಲ. ಪಕ್ಕದ ಮನೆಯವ್ರು ಬಂದು ಒಳಗಿನ ನರಾನೋ ಮಾಂಸಖಂಡನೋ ಕಟ್ ಮಾಡ್ಬಿಟ್ಟಿರ್ತಾರೆ, ಇನ್ನೊಂದು ಕಣ್ಣು ಮಾತ್ರ ಮುಟ್ಟಿಸ್ಬೇಡಿ ಅಂದ್ರು. ಮುಗೀತು, ಅಮ್ಮ ಬಲಗಣ್ಣಿಗೆ ಬೇಡ್ವೇ ಬೇಡ ಅಂತ ಕೂತ್ಬಿಟ್ರು.

ಚೆಕಪ್‌ಗೆ ಹೋದಾಗ ಡಾಕ್ಟರ್‌ನ ಬಿಡದೆ ಕೇಳ್ದೆ. ಕಣ್ಣಿನ ಲೆನ್ಸ್ ಸುತ್ತ ಉಂಗುರದ ಥರ ಒಂದು ಸ್ನಾಯು ಇದೆ, ಸಿಲಿಯರಿ ಅಂತಾರೆ, ಅದರಿಂದ ಲೆನ್ಸಿಗೆ ಸಣ್ಣ ಸಣ್ಣ ಎಳೆ ಕಟ್ಟಿರುತ್ತೆ. ಹತ್ರದ್ದು ನೋಡುವಾಗ ಉಂಗುರ ಬಿಗಿಯಾಗಿ ಚಿಕ್ಕದಾಗುತ್ತೆ, ಆಗ ಎಳೆ ಸಡಿಲ ಆಗುತ್ತೆ (ಬಿಗಿಯಾದ್ರೆ ಸಡಿಲ ಹೇಗಾಗುತ್ತೆ ಅಂತ ನಂಗೂ ತಲೆ ಕೆಟ್ಟಿತ್ತು, ಕಸೂತಿ ರಿಂಗ್ ಚಿಕ್ಕದಾದ್ರೆ ಬಟ್ಟೆ ಜೋಲುತ್ತಲ್ಲ ಹಾಗೆ), ಎಳೆ ಸಡಿಲ ಆದ್ರೆ ಲೆನ್ಸ್ ಉಬ್ಬಿ ಸೂಜಿ ಕಾಣುತ್ತೆ. ಚಿಕ್ಕವಯಸ್ಸಲ್ಲಿ ಲೆನ್ಸ್ ಎಳನೀರು ಗಂಜಿ ಥರ ಮೆತ್ತಗೆ, ನಲವತ್ತು ದಾಟಿದ್ಮೇಲೆ ಕೊಬ್ಬರಿ ಆಗ್ತಾ ಹೋಗುತ್ತೆ, ಸ್ನಾಯು ಎಷ್ಟು ಹಿಂಡಿದ್ರೂ ಉಬ್ಬಲ್ಲ. ನಾವು ಚಾಳೀಸು ಅನ್ನೋದು ಇದಕ್ಕೇ. ಅಂದ್ರೆ ಅಮ್ಮನ ಆ ಸ್ನಾಯುಗೆ ಕೆಲಸ ತಪ್ಪಿ ಆಗ್ಲೇ ಮೂವತ್ತು ವರ್ಷದ ಹತ್ರ ಆಗಿತ್ತು, ಆಪರೇಷನ್ ಪಾಪ ಏನೂ ಮಾಡಿಲ್ಲ.

ಆಪರೇಷನ್‌ನಲ್ಲಿ ಅದನ್ನ ಕೊಯ್ಯಲ್ಲ. ಕಪ್ಪು ಗುಡ್ಡೆ ಅಂಚಲ್ಲಿ ಎರಡು ಮೂರು ಮಿಲಿಮೀಟರ್ ಸೀಳಿ, ಮಬ್ಬಾದ ಲೆನ್ಸ್ ಪುಡಿ ಮಾಡಿ ಹೀರಿ, ಆ ಲೆನ್ಸ್ ಇದ್ದ ತೆಳು ಚೀಲದೊಳಗೇ ಪ್ಲಾಸ್ಟಿಕ್ ಲೆನ್ಸ್ ಕೂರಿಸ್ತಾರೆ. ಆಪರೇಷನ್ ಆದವರ ಕಣ್ಣನ್ನ ಎಂಆರ್‌ಐನಲ್ಲಿ ನೋಡಿದಾಗ್ಲೂ ಹತ್ರ ನೋಡುವಾಗ ಸ್ನಾಯು ಹಿಂಡ್ತಾನೇ ಇತ್ತಂತೆ. ಆದ್ರೆ ಮಾಮೂಲಿ ಲೆನ್ಸಿಗೆ ಇರೋದು ಒಂದೇ ಪವರ್, 1949ರಲ್ಲಿ ಲಂಡನ್‌ನಲ್ಲಿ ಹೆರಾಲ್ಡ್ ರಿಡ್ಲಿ ಅನ್ನೋ ಕಣ್ಣಿನ ಡಾಕ್ಟರ್ ಮೊದಲು ಹಾಕಿದ್ದೂ ಇಂಥದ್ದೇ. ದೂರಕ್ಕೆ ಅಂತ ಹಾಕಿದ್ರೆ ದೂರ, ಹತ್ರಕ್ಕೆ ಕನ್ನಡಕ ಬೇಕೇ ಬೇಕು.

ನನ್ನ ತಕರಾರು ಇರೋದು ಇಲ್ಲೇ. ಬಿಪಿ ಶುಗರ್ ಎಲ್ಲಾ ಬರ್ಕೊಂಡ್ರು, ಸೈನ್ ಹಾಕಿಸ್ಕೊಂಡ್ರು, ದಿನಾ ಏನ್ ಕೆಲಸ ಮಾಡ್ತೀರಮ್ಮ ಅಂತ ಮಾತ್ರ ಒಬ್ರೂ ಕೇಳ್ಲಿಲ್ಲ. ನಮ್ಮಮ್ಮ ಬೆಳಿಗ್ಗೆಯಿಂದ ಸಂಜೆವರೆಗೂ ಮೊರ ಇಟ್ಕೊಂಡು ಕಾಫಿ ಬೀಜ ಆರಿಸೋರು, ಬೆಟ್ಟ ನೋಡೋದು ಯಾವಾಗ್ಲೋ ಒಮ್ಮೆ. ಹತ್ರಕ್ಕೆ ಹೊಂದೋ ಪವರ್ ಹಾಕಿ ದೂರಕ್ಕೆ ಕನ್ನಡಕ ಕೊಡೋದೂ ಇದೆಯಂತೆ, ಅದನ್ನ ಆಪರೇಷನ್‌ಗೆ ಮುಂಚೆನೇ ತೀರ್ಮಾನ ಮಾಡ್ಬೇಕು. ಮಲ್ಟಿಫೋಕಲ್ ಅಂತ ಎರಡಕ್ಕೂ ಆಗೋದಿದೆ, ದುಡ್ಡು ಜಾಸ್ತಿ, ಕೆಲವ್ರಿಗೆ ರಾತ್ರಿ ದೀಪದ ಸುತ್ತ ಬಳೆ ಕಾಣುತ್ತಂತೆ, ನಮಗೆ ಅದು ಬೇಡ. ಕ್ಯಾಂಪ್ ಮಾಡೋರು ಇಷ್ಟನ್ನ ಕನ್ನಡದಲ್ಲಿ ಐದು ನಿಮಿಷ ಕೂರಿಸ್ಕೊಂಡು ಹೇಳಿದ್ರೆ ಎಷ್ಟೋ ಜನ ಎರಡನೇ ಕಣ್ಣಿಗೆ ಹೆದರಲ್ಲ.

ಅಮ್ಮ ಈಗ ಒಪ್ಪಿದಾರೆ. ಬಲಗಣ್ಣಿನ ಚೆಕಪ್‌ಗೆ ಹೋಗುವಾಗ ಒಂದು ಹಿಡಿ ಕಾಫಿ ಬೀಜ ಕಟ್ಕೊಂಡು ಹೋಗ್ತಾರಂತೆ, ಡಾಕ್ಟರಿಗೆ ತೋರ್ಸೋಕೆ.

– ಒಬ್ಬ ಓದುಗ, ಚಿಕ್ಕಮಗಳೂರು