ಹದಿಹರೆಯದ ಮಿದುಳು ಮತ್ತು ಮದ್ಯ: ಪೋಷಕರಿಗೊಂದು ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಹತ್ತನೇ ತರಗತಿಯಲ್ಲಿ ಹಾರ್ಮೋನುಗಳ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿಯೊಬ್ಬ, "ಒಂದು ಪೆಗ್ ಹಾಕಿದರೆ ಟೆನ್ಷನ್ ಇಳಿಯುತ್ತೆ ಅಂತಾರಲ್ಲ ಸರ್, ನಿಜವಾ?" ಎಂದು ಕೇಳಿದನು. ಇದರ ಉತ್ತರ ತರಗತಿಯಷ್ಟೇ ಮನೆಗೂ ಸೇರಿದ್ದಾದ್ದರಿಂದ ತಮಗೆ ಬರೆಯುತ್ತಿದ್ದೇನೆ.

ಸ್ವಲ್ಪ ಹೊತ್ತಿನ ಮಟ್ಟಿಗೆ ಅದು ನಿಜವೇ. ಮದ್ಯ ಮಿದುಳನ್ನು ತಲುಪಿದಾಗ ಅಲ್ಲಿನ ನರಕೋಶಗಳು ಎಂಡಾರ್ಫಿನ್ ಎಂಬ, ದೇಹ ತಾನೇ ತಯಾರಿಸಿಕೊಳ್ಳುವ ನೋವುಶಾಮಕವನ್ನು ಹೊರಬಿಡುತ್ತವೆ; ಜೊತೆಗೆ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕವೂ ಹೆಚ್ಚಿ, ಇದು ಹಿತ, ಮತ್ತೆ ಬೇಕು ಎಂಬುದನ್ನು ಮಿದುಳು ಕಲಿತುಬಿಡುತ್ತದೆ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರು ಮಿದುಳಿನೊಳಗಿನ ಚಟುವಟಿಕೆಯನ್ನು ಚಿತ್ರಿಸುವ ಪೆಟ್ ಸ್ಕ್ಯಾನ್ ಮೂಲಕ ಮನುಷ್ಯರಲ್ಲೇ ಈ ಎಂಡಾರ್ಫಿನ್ ಬಿಡುಗಡೆಯನ್ನು ತೋರಿಸಿದ್ದಾರೆ. ನರಕೋಶಗಳಲ್ಲಿ ಈ ಎಂಡಾರ್ಫಿನ್ ಬಂದು ಅಂಟಿಕೊಳ್ಳುವ ತಾಣಗಳನ್ನೇ (ಗ್ರಾಹಕಗಳನ್ನೇ) ತಡೆಯುವ ನಾಲ್ಟ್ರೆಕ್ಸೋನ್ ಎಂಬ ಮಾತ್ರೆ ಕುಡಿತದ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ.

ತೊಂದರೆಯಿರುವುದು ಮುಂದಿನ ಹಂತದಲ್ಲಿ. ಪದೇ ಪದೇ ಹೊರಗಿನಿಂದ ಹಿತ ಸಿಗತೊಡಗಿದಾಗ ಮಿದುಳಿನ ಸಹಜ ವ್ಯವಸ್ಥೆ ಮಂಕಾಗುತ್ತದೆ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರುಪೇರಾಗುತ್ತದೆ. ಕುಡಿಯದ ದಿನ ಸಿಡುಕು, ನಿದ್ರಾಹೀನತೆ, ಕಳವಳ ಶುರುವಾಗಿ, ಖುಷಿಗೆಂದು ಆರಂಭವಾದದ್ದು ಕೇವಲ ಎಂದಿನಂತಿರಲೂ ಬೇಕೇಬೇಕೆನ್ನುವ ಸ್ಥಿತಿಗೆ ಬಂದು ನಿಲ್ಲುತ್ತದೆ. ಇದನ್ನು ಬರೀ ಬುದ್ಧಿಗೇಡಿತನವೆಂದು ಬೈದು ಮುಗಿಸುವುದು ನನಗೆ ಸರಿಯೆನಿಸುವುದಿಲ್ಲ. ವಿವೇಚನೆಯನ್ನು ನಿಯಂತ್ರಿಸುವ ಮುಂಮಿದುಳು ಸುಮಾರು 25ರ ವಯಸ್ಸಿನವರೆಗೂ ಬೆಳೆಯುತ್ತಲೇ ಇರುವುದರಿಂದ ನಮ್ಮ ಮಕ್ಕಳಲ್ಲಿ ಈ ಅಪಾಯ ಹೆಚ್ಚು. ರಾತ್ರಿಯ ಗಾಢನಿದ್ರೆಯಲ್ಲಿ ಸ್ರವಿಸಬೇಕಾದ ಬೆಳವಣಿಗೆಯ ಹಾರ್ಮೋನನ್ನೂ ಮದ್ಯ ತಗ್ಗಿಸುತ್ತದೆ.

"ಬಿಯರ್ ತಾನೇ, ಏನಾಗುತ್ತದೆ" ಎಂದು ಮದುವೆ, ಬೀಗರೂಟಗಳಲ್ಲಿ ಹುಡುಗರ ಕೈಗೆ ಲೋಟ ಕೊಡುವ ನೆಂಟರಿದ್ದಾರೆ. ಶೇ. 5ರ 650 ಮಿ.ಲೀ. ಬಿಯರ್ ಬಾಟಲಿಯಲ್ಲಿ, 60 ಮಿ.ಲೀ. ವಿಸ್ಕಿಯಲ್ಲಿರುವುದಕ್ಕಿಂತ ಹೆಚ್ಚು ಮದ್ಯಸಾರವಿರುತ್ತದೆ. ಅಲ್ಲದೆ, ವೈದ್ಯರ ಸೂಚನೆಯಿಲ್ಲದೆ ಮಕ್ಕಳಿಗೆ ಮದ್ಯ ಕೊಡುವುದು 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ 7 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಕೊಡುವವರು ಸ್ವಂತ ಸೋದರಮಾವನೇ ಆಗಿದ್ದರೂ ದಯವಿಟ್ಟು ತಡೆಯಿರಿ.

ಓಡಿದಾಗ, ಗೆಳೆಯರೊಡನೆ ಬಿದ್ದು ಬಿದ್ದು ನಕ್ಕಾಗಲೂ ಎಂಡಾರ್ಫಿನ್ ಹೊರಬರುತ್ತದೆ. ಆದ್ದರಿಂದ ಪರೀಕ್ಷೆಯ ನೆಪದಲ್ಲಿ ಸಂಜೆಯ ಆಟವನ್ನು ಪೂರ್ತಿ ಕಿತ್ತುಕೊಳ್ಳಬೇಡಿ. ಆಟದ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡಬಾರದೆಂದು ನಮ್ಮ ಶಿಕ್ಷಕರಿಗೂ ಸೂಚಿಸಿದ್ದೇನೆ.

ಮನೆಯ ಹಿರಿಯರಲ್ಲಿ ಯಾರಿಗಾದರೂ ದಿನನಿತ್ಯದ ಕುಡಿತವಿದ್ದರೆ, ಪತ್ರ ಓದಿದ ಆವೇಶದಲ್ಲಿ ಒಮ್ಮೆಲೇ ನಿಲ್ಲಿಸಲು ಒತ್ತಾಯಿಸಬೇಡಿ. ಹಠಾತ್ತನೆ ಬಿಟ್ಟಾಗ ಫಿಟ್ಸ್ ಬರುವ ಅಪಾಯವಿರುವುದರಿಂದ ವೈದ್ಯರ ಮಾರ್ಗದರ್ಶನ ಅಗತ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ನನ್ನೊಡನೆ ಮಾತನಾಡಬಯಸುವವರು ಶನಿವಾರ ಶಾಲೆ ಬಿಟ್ಟ ಮೇಲೆ ಬರಬಹುದು, ವಿಷಯವನ್ನು ಗೋಪ್ಯವಾಗಿಡಲಾಗುವುದು.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು