ತೇವ ತಾಗದಂತೆ ಕಾಯ್ದವರಿಗೆ

ಆರ್ಗ್ಯಾನೋಲಿಥಿಯಂ ಸಂಯುಕ್ತಗಳ ರಚನೆ ಮತ್ತು ಕ್ರಿಯಾಶೀಲತೆಯನ್ನು ಕುರಿತ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಕಳೆದ ವಾರ ಮುಗಿಯಿತು. ಶಿಡ್ಲಘಟ್ಟದ ಪಕ್ಕದ ನಮ್ಮ ಹಳ್ಳಿಗೆ ಬಂದು, ಅಪ್ಪನ ರೇಷ್ಮೆ ಹುಳುಮನೆಯ ಜಗಲಿಯಲ್ಲಿ ಕುಳಿತು ಈ ಋಣವನ್ನು ಬರೆದಿಡುತ್ತಿದ್ದೇನೆ.

ಇಷ್ಟು ವರ್ಷ ಅಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದ ಊರಿನವರಿಗೂ ಉತ್ತರ ಸಲ್ಲಬೇಕು. ಇಂಗಾಲಕ್ಕೆ ಲಿಥಿಯಂ ನೇರವಾಗಿ ಬೆಸೆದುಕೊಂಡಿರುವ ಈ ಸಂಯುಕ್ತಗಳನ್ನು 1917ರಲ್ಲಿ ಷ್ಲೆಂಕ್ ಮತ್ತು ಹೋಲ್ಟ್ಸ್ ಮೊದಲ ಬಾರಿಗೆ ವರದಿ ಮಾಡಿದರು. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಬ್ಯುಟೈಲ್‌ಲಿಥಿಯಂ ಅನ್ನು ಪಠ್ಯಪುಸ್ತಕದಲ್ಲಿ ಒಂಟಿ ಅಣುವಿನಂತೆ ಬರೆದರೂ, ಹೆಕ್ಸೇನ್ ಎಂಬ ದ್ರಾವಕದಲ್ಲಿ ಅದು ಆರರ ಗುಂಪಾಗಿರುತ್ತದೆ. ಟಿಎಚ್‌ಎಫ್ (ಟೆಟ್ರಾಹೈಡ್ರೋಫ್ಯೂರಾನ್) ಎಂಬ ದ್ರಾವಕದಲ್ಲಿ ನಾಲ್ಕರ ಗುಂಪುಗಳೂ ಜೋಡಿಗಳೂ ಒಟ್ಟಿಗಿರುತ್ತವೆ. ಬೆಂಜಾಲ್ಡಿಹೈಡ್ ಎಂಬ ರಾಸಾಯನಿಕದೊಂದಿಗೆ ಜೋಡಿಯು ನಾಲ್ಕರ ಗುಂಪಿಗಿಂತ ಸುಮಾರು 10 ಪಟ್ಟು ಚುರುಕಾಗಿ ವರ್ತಿಸುತ್ತದೆ ಎಂದು 1985ರಲ್ಲಿ ಮ್ಯಾಕ್‌ಗ್ಯಾರಿಟಿ ಮತ್ತು ಸಂಗಡಿಗರು ತೋರಿಸಿದರು. ಗುಂಪು ಯಾವುದೆಂದು ತಿಳಿಯಲು ನಾವು ಲಿಥಿಯಂ-6 ಎಂಬ, ಅದೇ ಲೋಹದ ಹಗುರ ಬಗೆಯನ್ನು ಬಳಸಿ, ಅಯಸ್ಕಾಂತ ಕ್ಷೇತ್ರದಲ್ಲಿ ಪರಮಾಣುಗಳ ಸಂಕೇತಗಳನ್ನು ಗೆರೆಗಳಾಗಿ ತೋರಿಸುವ ಎನ್‌ಎಂಆರ್ ಅಳತೆ ಮಾಡುತ್ತೇವೆ: ಇಂಗಾಲಕ್ಕೆ ಒಂದು ಲಿಥಿಯಂ ಅಂಟಿದ್ದರೆ ಅದರ ಗೆರೆ ಮೂರಾಗಿ, ಎರಡು ಅಂಟಿದ್ದರೆ ಐದಾಗಿ ಸೀಳುತ್ತದೆ. ತೆರೆಯ ಮೇಲೆ ಆ ಐದು ಗೆರೆಗಳನ್ನು ಮೊದಲ ಸಲ ಎಣಿಸಿದ ಇರುಳನ್ನು ನಾನು ಮರೆಯಲಾರೆ.

ಅದಕ್ಕೆ ಮುಂಚೆ ಒಂದು ಇಡೀ ವರ್ಷದ ಅಳತೆಗಳು ಹಾಳಾಗಿದ್ದವು. ಗಾಳಿ, ತೇವ ತಾಗದಂತೆ ಕಾಯುವ ಆರ್ಗಾನ್ ಅನಿಲ ಹರಿಯುವ ಕೊಳವೆಯಲ್ಲಿದ್ದ ಕಣ್ಣಿಗೆ ಕಾಣದ ಬಿರುಕನ್ನು ನಾನು ಗಮನಿಸಿರಲಿಲ್ಲ. ಒಳನುಸುಳಿದ ಆಮ್ಲಜನಕದಿಂದ ಹುಟ್ಟಿದ ಲಿಥಿಯಂ ಬ್ಯುಟಾಕ್ಸೈಡ್ ಬ್ಯುಟೈಲ್‌ಲಿಥಿಯಂ ಜೊತೆ ಮಿಶ್ರ ಗುಂಪುಗಳನ್ನು ಕಟ್ಟಿತ್ತು, ಆ ಗೆರೆಗಳನ್ನೇ ನಾನು ಹೊಸ ರಚನೆಯೆಂದು ನಂಬಿದ್ದೆ. ನನ್ನ ಮಾರ್ಗದರ್ಶಕರಾದ ಮೇಡಂ ಒಂದು ಮಾತನ್ನೂ ಗಟ್ಟಿಯಾಗಿ ಆಡದೆ, ನಿಸರ್ಗದ ಲಿಥಿಯಂನಲ್ಲಿ ಶೇ. 7.5ರ ಆಸುಪಾಸಿನಲ್ಲಷ್ಟೇ ಇರುವ, ಬೇರ್ಪಡಿಸಿದರೆ ಬಲು ದುಬಾರಿಯಾಗುವ ಆ ಲಿಥಿಯಂ-6 ಲೋಹವನ್ನು ಎರಡನೆಯ ಸಲ ತರಿಸಿಕೊಟ್ಟರು. ಎನ್‌ಎಂಆರ್ ಯಂತ್ರ ನೋಡಿಕೊಳ್ಳುವ ಅಣ್ಣ ರಾತ್ರಿಗಳನ್ನೇ ಬಿಟ್ಟುಕೊಟ್ಟು, ಯಂತ್ರದೊಳಗಿನ ತಂಪು ಮೈನಸ್ 90 ಡಿಗ್ರಿಯಲ್ಲೇ ನಿಲ್ಲುವಂತೆ ಬೆಳಗಿನ ಜಾವದವರೆಗೆ ಕಾದರು. ಗಾಜಿನ ಪ್ರತಿ ಕೀಲನ್ನೂ ಬಿಚ್ಚಿ, ಒಲೆಯಲ್ಲಿ ಒಣಗಿಸಿ, ಮತ್ತೆ ಜೋಡಿಸುವುದನ್ನು ಕೈಹಿಡಿದು ಕಲಿಸಿದ ಪ್ರಯೋಗಾಲಯದ ಅಕ್ಕನಿಗೆ ನನ್ನ ಪ್ರಬಂಧದ ಅರ್ಧ ಪಾಲು ಸೇರಬೇಕು ಎಂದೇ ನಾನು ತಿಳಿದಿದ್ದೇನೆ.

ಅಪ್ಪ, ಅಮ್ಮ, ನಿಮಗೆ ಕಡೆಯಲ್ಲಿ ಬರೆಯುತ್ತಿದ್ದೇನೆ. ಸೋತು ಊರಿಗೆ ಬಂದಿದ್ದ ಆ ಮಳೆಗಾಲದಲ್ಲಿ ಹುಳುಗಳು ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತಿದ್ದವು. ಹಾಸಿಗೆ ಒಣಗಿರಲೆಂದು ಅಪ್ಪ ಸುಣ್ಣದ ಪುಡಿ ಚೆಲ್ಲುತ್ತಿದ್ದರು. ಮಳೆಯಲ್ಲಿ ನೆನೆದ ಸೊಪ್ಪನ್ನು ಅಮ್ಮ ಒಂದೊಂದೇ ಎಲೆ ಒರೆಸಿ ಹರಡುತ್ತಿದ್ದರು. ಹಿಂದಿನ ಬೆಳೆ ಕೈಕೊಟ್ಟಿದ್ದರೂ ನೀವಿಬ್ಬರೂ ಮೊದಲಿನಷ್ಟೇ ಎಚ್ಚರದಿಂದ ಕೆಲಸ ಮಾಡುತ್ತಿದ್ದಿರಿ. ನಾನು ಮಾರನೆಯ ಬೆಳಿಗ್ಗೆಯ ಬಸ್ಸಿಗೇ ಬೆಂಗಳೂರಿಗೆ ಹೊರಟು, ಕೊಳವೆಗಳನ್ನೆಲ್ಲ ಬದಲಿಸಿದೆ.