ಕೆಮ್ಮು ಇಟ್ಟುಕೊಂಡು ಊರಿಗೆ ಬರುವವನಿಗೆ

ಶಿಡ್ಲಘಟ್ಟ

ಚಿರಂಜೀವಿ ಪುಟ್ಟನಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಮನೆಯವರ ವಾಟ್ಸಾಪ್ ಗ್ರೂಪಿಗೆ ನೀನು ಹಾಕಿದ ವಿಡಿಯೋ ನೋಡಿದೆ. ಕೊರೊನಾ ಲಸಿಕೆ ಹಾಕಿಸಿಕೊಂಡವರಿಗೇ ಹಾರ್ಟ್ ಅಟ್ಯಾಕ್ ಆಗ್ತಿದೆ ಅಂತ ಯಾರೋ ಕೂಗಾಡುತ್ತಿದ್ದಾರೆ. ನೀನು ಕೆಳಗೆ 'ಎಲ್ಲರೂ ಹುಷಾರು' ಅಂತ ಬರೆದು ನಿನ್ನ ಪಾಡಿಗೆ ಆಫೀಸಿಗೆ ಹೋಗಿರುತ್ತೀಯ. ಇಲ್ಲಿ ನಿಮ್ಮಪ್ಪ ಅದನ್ನು ನೋಡಿ, ಡಾಕ್ಟರು ಬರೆದುಕೊಟ್ಟಿದ್ದ ಫ್ಲೂ ಇಂಜೆಕ್ಷನ್ನೂ ಬೇಡ ಅಂತ ಹಟ ಹಿಡಿದಿದ್ದಾನೆ. ವಯಸ್ಸು ಅರವತ್ತೆಂಟು, ಮೇಲೆ ಸಕ್ಕರೆ ಕಾಯಿಲೆ. ಫೋನ್ ಮಾಡಿದರೆ ನೀನು 'ಹೂಂ ಅತ್ತೆ, ಆಯ್ತು ಅತ್ತೆ' ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಾರ್ಟ್ ಅಟ್ಯಾಕ್ ಮಾತು ಮುಗಿಸೋಣ. 2025ರಲ್ಲಿ ಹಾಸನದ ಕಡೆ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ಹೋಗುತ್ತಿದ್ದಾರೆ ಅಂತ ಸುದ್ದಿಯಾಯಿತಲ್ಲ, ಆಗ ಜಯದೇವ ಆಸ್ಪತ್ರೆಯ ನಿರ್ದೇಶಕರ ಮುಂದಾಳತ್ವದ ತಜ್ಞರ ಸಮಿತಿ ಇದನ್ನೇ ಪರಿಶೀಲಿಸಿತು. ಲಸಿಕೆಗೂ ಇದಕ್ಕೂ ನಂಟು ಕಾಣಲಿಲ್ಲ ಅಂತ ವರದಿ ಕೊಟ್ಟಿತು. ಅದಕ್ಕೂ ಮುಂಚೆ, 2023ರಲ್ಲಿ, ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು 47 ಆಸ್ಪತ್ರೆಗಳಲ್ಲಿ ಒಂದು ಅಧ್ಯಯನ ಮಾಡಿದ್ದರು. 18ರಿಂದ 45 ವರ್ಷದೊಳಗೆ ಇದ್ದಕ್ಕಿದ್ದಂತೆ ತೀರಿಕೊಂಡವರ ವಿವರ ತೆಗೆದು ನೋಡಿದರು. ಎರಡು ಡೋಸ್ ಹಾಕಿಸಿಕೊಂಡವರಿಗೆ ಅಪಾಯ ಕಡಿಮೆಯೇ ಇತ್ತು. ಜಾಸ್ತಿ ಇದ್ದದ್ದು ಯಾರಿಗೆ ಗೊತ್ತಾ? ಕೊರೊನಾ ಬಂದು ಆಸ್ಪತ್ರೆ ಸೇರಿದ್ದವರಿಗೆ, ಮನೆತನದಲ್ಲಿ ಅಂಥ ಸಾವು ಕಂಡವರಿಗೆ, ಸಿಗರೇಟು ಸೇದುವವರಿಗೆ, ಸಾಯುವ ಮುಂಚಿನ ಎರಡು ದಿನದಲ್ಲಿ ಮಿತಿಮೀರಿ ಕುಡಿದವರಿಗೆ, ವಿಪರೀತ ಕಸರತ್ತು ಮಾಡಿದವರಿಗೆ. ಶುಕ್ರವಾರ ರಾತ್ರಿ ಪಾರ್ಟಿ, ಶನಿವಾರ ಬೆಳಗ್ಗೆ ಜಿಮ್. ಯಾರ ವಿಷಯ ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಲಸಿಕೆಯಿಂದ ಯಾರಿಗೂ ಏನೂ ಆಗಿಲ್ಲ ಅಂತ ನಾನು ಹೇಳುವುದಿಲ್ಲ. ಕೋವಿಶೀಲ್ಡ್ ತೆಗೆದುಕೊಂಡವರಲ್ಲಿ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಬಂದದ್ದು ನಿಜ. ಆ ಲಸಿಕೆ ರೂಪಿಸಿದ ಆಸ್ಟ್ರಾಜೆನೆಕಾ ಕಂಪನಿಯವರೇ ಲಂಡನ್ನಿನ ಕೋರ್ಟಿನಲ್ಲಿ ಒಪ್ಪಿಕೊಂಡಿದ್ದಾರೆ. ಆದರೆ ಅದು ಬರುವುದಾದರೆ ಕೆಲವು ವಾರಗಳಲ್ಲೇ ಬರಬೇಕು. 2021ರಲ್ಲಿ ಹಾಕಿಸಿಕೊಂಡ ಸೂಜಿ ಈಗ ಎದ್ದು ಕೂರುವುದಿಲ್ಲ.

ಆ ವರ್ಷ ನಾವು ಪಟ್ಟ ಪಾಡು ನಿನಗೆ ಗೊತ್ತಿಲ್ಲ. ನಾನು ಆಗಿನ್ನೂ ಆರೋಗ್ಯ ಇಲಾಖೆಯಲ್ಲಿ ಸಿಸ್ಟರ್ ಆಗಿದ್ದೆ. ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ ಹತ್ತು ಡೋಸ್. ಮುಚ್ಚಳಕ್ಕೆ ಸೂಜಿ ಚುಚ್ಚಿದ ಮೇಲೆ ನಾಲ್ಕು ಗಂಟೆಯೊಳಗೆ ಖರ್ಚು ಮಾಡಬೇಕು, ಇಲ್ಲವಾದರೆ ಚೆಲ್ಲಬೇಕು. ಹಾಗಾಗಿ ಆರು ಜನ ಬಂದು ಬೆಂಚಿನ ಮೇಲೆ ಕೂತಿದ್ದರೂ ಸೀಸೆ ತೆಗೆಯುತ್ತಿರಲಿಲ್ಲ. ಇನ್ನು ನಾಲ್ಕು ಜನರನ್ನು ಕರೆತರಲು ಆಶಾ ಕಾರ್ಯಕರ್ತೆಯರು ಬೀದಿ ಬೀದಿ ಸುತ್ತುತ್ತಿದ್ದರು. ನಮ್ಮ ಜೀಪು ಕಂಡರೆ ಹಿಪ್ಪುನೇರಳೆ ತೋಟಕ್ಕೆ ನುಗ್ಗಿ ಅವಿತುಕೊಂಡವರಿದ್ದಾರೆ. ಎರಡು ವರ್ಷಕ್ಕೆ ಎಲ್ಲರೂ ಸಾಯ್ತಾರಂತೆ ಅನ್ನೋ ಪುಕಾರು ಬೇರೆ. ಅವತ್ತು ಹಾಗೆ ಹೇಳಿದವರೆಲ್ಲ ಈಗಲೂ ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಸಿಗುತ್ತಾರೆ, ಚೆನ್ನಾಗಿದ್ದಾರೆ, ನೂರು ವರ್ಷ ಬಾಳಲಿ.

ಈಗ ನಿನ್ನ ಕೆಮ್ಮಿನ ವಿಷಯ. ಹಬ್ಬಕ್ಕೆ ಬರುತ್ತೇನೆ, ಸ್ವಲ್ಪ ಜ್ವರ ಇದೆ, ಡೋಲೋ ನುಂಗಿ ಬಸ್ ಹತ್ತುತ್ತೇನೆ ಅಂದೆಯಂತೆ. ನಿಮ್ಮಮ್ಮ ರೇಷ್ಮೆ ಹುಳದ ಮನೆಗೆ ಯಾರನ್ನಾದರೂ ಸುಮ್ನೆ ಬಿಡುತ್ತಾಳಾ? ಕೈಕಾಲು ತೊಳೆದೇ ಒಳಗೆ ಹೋಗಬೇಕು. ಮೊಟ್ಟೆ ತರುವಾಗ, ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಗಂಟುರೋಗ ಇಲ್ಲ ಅಂತ ಖಾತ್ರಿ ಮಾಡಿದ ಮೊಟ್ಟೆಯನ್ನೇ ತರುತ್ತಾಳೆ. ಆ ಪರೀಕ್ಷೆಯನ್ನು ಬಳಕೆಗೆ ತಂದವನು ಲೂಯಿ ಪ್ಯಾಶ್ಚರ್. ಹುಚ್ಚುನಾಯಿ ಕಡಿತಕ್ಕೆ 1885ರಲ್ಲಿ ಲಸಿಕೆ ಕೊಟ್ಟವನೂ ಅವನೇ. ಹುಳಕ್ಕೆ ಅಷ್ಟು ಮಾಡುವ ಮನೆಗೆ ನೀನು ಟೆಸ್ಟ್ ಇಲ್ಲದ ಕೆಮ್ಮು ತರುತ್ತೀಯಾ?

ಮೆಡಿಕಲ್ ಶಾಪಿನಲ್ಲಿ ಮನೆಯಲ್ಲೇ ಮಾಡಿಕೊಳ್ಳುವ ಕೊರೊನಾ ಆಂಟಿಜನ್ ಕಿಟ್ ಕೇಳು. ಒಂದೇ ಕಡ್ಡಿಯನ್ನು ಎರಡೂ ಹೊಳ್ಳೆಯಲ್ಲಿ ಚೀಟಿಯಲ್ಲಿ ಹೇಳಿದಷ್ಟು ಸಲ ತಿರುಗಿಸು. ನಾಚಿಕೊಂಡು ಮೂಗಿನ ತುದಿಗೆ ಮುಟ್ಟಿಸಿ ತೆಗೆದರೆ ಪ್ರಯೋಜನ ಇಲ್ಲ. 15 ನಿಮಿಷ ಕಾದು ನೋಡು. ಸಿ ಗೆರೆಯ ಜೊತೆ ಟಿ ಗೆರೆ ಎಷ್ಟೇ ತೆಳುವಾಗಿ ಬಂದರೂ ಪಾಸಿಟಿವ್. ಸಿ ಗೆರೆಯೇ ಬರದಿದ್ದರೆ ಆ ಕಿಟ್ ಕೆಟ್ಟಿದೆ, ಬೇರೆ ತಗೋ. ನೆಗೆಟಿವ್ ಬಂದೂ ಜ್ವರ, ಗಂಟಲು ನೋವು ಬಿಡದಿದ್ದರೆ ಆರ್‌ಟಿಪಿಸಿಆರ್ ಮಾಡಿಸು. ಆಂಟಿಜನ್ ಪಾಸಿಟಿವ್ ಅಂದರೆ ನಂಬು, ನೆಗೆಟಿವ್ ಅಂದರೆ ಪೂರ್ತಿ ನಂಬಬೇಡ. ಪಾಸಿಟಿವ್ ಆದರೆ ಏಳು ದಿನ ರೂಮಿನಲ್ಲೇ ಇರು. ಕೊನೆಯ ಮೂರು ದಿನ ಜ್ವರ ಇರಬಾರದು. ಒಬ್ಬಟ್ಟು ನಾನು ಕಳಿಸುತ್ತೇನೆ.

ಮಾತ್ರೆ ವಿಷಯದಲ್ಲಿ ನಿನ್ನ ವಯಸ್ಸಿಗೆ ಹೇಳುವುದು ಹೆಚ್ಚೇನಿಲ್ಲ. ಪ್ಯಾರಾಸಿಟಮಾಲ್, ನೀರು, ನಿದ್ದೆ. ಅಜಿತ್ರೋಮೈಸಿನ್ ನುಂಗಬೇಡ. ಅದು ಬ್ಯಾಕ್ಟೀರಿಯಾದ ಔಷಧ, ವೈರಸ್‌ಗೆ ಮುಟ್ಟುವುದಿಲ್ಲ. 2021ರಲ್ಲಿ ಜನ ಮುಗಿಬಿದ್ದು ಕೊಂಡ ಐವರ್‌ಮೆಕ್ಟಿನ್ ಆಮೇಲೆ ಸರ್ಕಾರದ ಚಿಕಿತ್ಸಾ ಪಟ್ಟಿಯಿಂದಲೇ ಹೋಯಿತು, ಗುಣವಾದವರ ರಕ್ತದ ಪ್ಲಾಸ್ಮಾ ಕೊಡುವುದೂ ಹೋಯಿತು.

ನಿಮ್ಮಪ್ಪನಿಗೆ ಕೊರೊನಾ ಬಂದರೆ ಮಾತ್ರ ಕಥೆ ಬೇರೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಒಂದು ತಂದುಕೊಡು. ಕೈ ಬೆಚ್ಚಗಿರಬೇಕು, ಉಗುರಿಗೆ ಬಣ್ಣ, ಗೋರಂಟಿ ಇರಬಾರದು. ಅಂಕಿ ಕುಣಿಯುವುದು ನಿಲ್ಲುವ ತನಕ ಕಾಯಬೇಕು. ಒಂದು ಗಂಟೆಯಲ್ಲಿ ಮೂರು ಸಲ ನೋಡಿದರೂ 93 ಅಥವಾ ಅದಕ್ಕಿಂತ ಕಮ್ಮಿ ಬಂದರೆ 108ಕ್ಕೆ ಫೋನ್ ಮಾಡುವುದೇ. 'ನಂಗೇನೂ ಆಗಿಲ್ಲ, ಚೆನ್ನಾಗಿದ್ದೀನಿ' ಅಂತಾನೆ, ಕೇಳಬೇಡ. ಈ ರೋಗದಲ್ಲಿ ಏದುಸಿರು ಕಾಣುವ ಮುಂಚೆಯೇ ಆಕ್ಸಿಜನ್ ಇಳಿದಿರಬಹುದು.

ಇನ್ನೊಂದು, ಸ್ಟೀರಾಯ್ಡ್. ಆಕ್ಸಿಜನ್ ಬೇಕಾದವರಿಗೆ ಡೆಕ್ಸಾಮೆಥಾಸೋನ್ ಜೀವ ಉಳಿಸುತ್ತದೆ, 2020ರಲ್ಲೇ ಬ್ರಿಟನ್ನಿನ ದೊಡ್ಡ ಪ್ರಯೋಗದಲ್ಲಿ ಗೊತ್ತಾಯಿತು. ಆಕ್ಸಿಜನ್ ಸರಿಯಿದ್ದವರಿಗೆ ಕೊಟ್ಟರೆ ಲಾಭ ಇಲ್ಲ, ಸಕ್ಕರೆ ಕಾಯಿಲೆಯವರಿಗಂತೂ ಸಕ್ಕರೆ ಮುನ್ನೂರು, ನಾನೂರು ಅಂತ ಏರಿಬಿಡುತ್ತದೆ. ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಹಿಡಿದವರಲ್ಲಿ ಬಹಳಷ್ಟು ಮಂದಿ ಇಂಥವರೇ. ಮೊದಲು ಮುಖದ ಒಂದು ಪಕ್ಕ ನೋವು, ಆಮೇಲೆ ಮೂಗಿನಲ್ಲಿ ಕಪ್ಪು, ಆಮೇಲೆ ಕಣ್ಣು. ಕಣ್ಣು ತೆಗೆಸಿಕೊಂಡು ಬಂದವರ ಮನೆಗೆ ನಾನು ಹೋಗಿದ್ದೇನೆ. ಮೆಡಿಕಲ್ ಶಾಪಿನವರು ಪರಿಚಯ ಅಂತ ಚೀಟಿ ಇಲ್ಲದೆ ತಂದ ಸ್ಟೀರಾಯ್ಡ್ ನಮ್ಮ ಮನೆಯಲ್ಲಿ ಯಾರ ಬಾಯಿಗೂ ಹೋಗಕೂಡದು.

ಬೂಸ್ಟರ್ ಬೇಕಾ ಅಂತ ಕೇಳಿದ್ದೆಯಲ್ಲ. ನಿನ್ನಂಥ ಗಟ್ಟಿ ಆಳುಗಳಿಗೆ ಮೇಲಿಂದ ಮೇಲೆ ಬೇಕಂತಿಲ್ಲ. ವಯಸ್ಸಾದವರು, ಸಕ್ಕರೆ, ಹೃದಯದ ಕಾಯಿಲೆ ಇರುವವರು ಡಾಕ್ಟರನ್ನು ಕೇಳಬೇಕು. ಫ್ಲೂ ಲಸಿಕೆ ಬೇರೆ, ಅದು ವರ್ಷ ವರ್ಷ ಹಾಕಿಸಬೇಕು, ಯಾಕೆಂದರೆ ಆ ವೈರಸ್ ವರ್ಷ ವರ್ಷ ಬದಲಾಗುತ್ತದೆ. ಏನೇ ಅನುಮಾನ ಬಂದರೂ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳು, ಕನ್ನಡದಲ್ಲೇ ಹೇಳುತ್ತಾರೆ.

ಗುರುವಾರ ನಿಮ್ಮಪ್ಪನನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. 'ಮಗ ಬೇಡ ಅಂದಿದ್ದಾನೆ' ಅಂತ ಒಂದೇ ಮಾತು ಹಿಡಿದು ಕೂತಿದ್ದಾನೆ. ಅದಕ್ಕೆ ಬುಧವಾರ ರಾತ್ರಿಯೊಳಗೆ ನೀನೇ ಫೋನ್ ಮಾಡಿ ಹೇಳು. ಗ್ರೂಪಿನಲ್ಲಿ ಬರೆಯಬೇಡ, ಅವನ ಹತ್ತಿರ ಮಾತಾಡು. ಆ ವಿಡಿಯೋನೂ ತೆಗೆದುಹಾಕು.

ಇಂತಿ,
ನಿನ್ನ ಅತ್ತೆ